ಬೇಸ್ ಕೆಳಗಿನ ಅಂಕಿಗಳಲ್ಲಿ ಸೆವೆಂತ್ ಕಾರ್ಡ್ ಓದೋದು

ನಮಸ್ಕಾರ ಕೇಳುಗರೇ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಕೀಬೋರ್ಡ್ ಕಲಿಯೋ ಮಕ್ಕಳಿದ್ದಾರೆ, ಚರ್ಚ್ ಕಾಯರ್‌ಗೆ ನುಡಿಸೋರಿದ್ದಾರೆ, ಗ್ರೇಡ್ ಪರೀಕ್ಷೆಗೆ ಕೂರೋರೂ ಇದ್ದಾರೆ, ಥಿಯರಿಯಲ್ಲಿ ಸ್ವಲ್ಪ ಮೇಲಕ್ಕೆ ಹೋದ ಕೂಡ್ಲೇ ಎಷ್ಟೋ ಜನ ಒಂದೇ ಜಾಗದಲ್ಲಿ ನಿಂತುಬಿಡ್ತಾರೆ: ಬೇಸ್ ಸ್ವರದ, ಅಂದ್ರೆ ಎಲ್ಲಕ್ಕಿಂತ ಕೆಳಗಿನ ಸ್ವರದ, ಕೆಳಗೆ ಬರೆದಿರೋ 7, 6-5, 4-3, 4-2 ಅನ್ನೋ ಅಂಕಿಗಳು. ಇದಕ್ಕೇ ಫಿಗರ್ಡ್ ಬೇಸ್ ಅನ್ನೋದು. ಈ ಅಂಕಿಗಳು ಹೇಳೋದು ಸೆವೆಂತ್ ಕಾರ್ಡ್, ಅಂದ್ರೆ ಒಂದು ಮೂಲ ಸ್ವರ, ಅದರಿಂದ ಮೂರನೇದು, ಐದನೇದು, ಏಳನೇದು, ಹೀಗೆ ಒಟ್ಟಿಗೆ ನುಡಿಸೋ ನಾಲ್ಕು ಸ್ವರಗಳ ಗುಂಪು. ಹತ್ತಿರ ಕೀಬೋರ್ಡ್ ಇದ್ರೆ ಎಳ್ಕೊಳ್ಳಿ, ಮಳೆಗೆ ಕರೆಂಟ್ ಹೋಗಿದ್ರೆ ಹಾರ್ಮೋನಿಯಂ ಸಾಕು.

1600ರ ಆಸುಪಾಸಲ್ಲಿ ಇಟಲಿಯಲ್ಲಿ ಬೆಳೆದ ಪದ್ಧತಿ ಇದು. ಆರ್ಗನ್, ಹಾರ್ಪ್ಸಿಕಾರ್ಡ್ ನುಡಿಸೋರಿಗೆ ಎಡಗೈಯ ಬೇಸ್ ಸಾಲು, ಜೊತೆಗೊಂದಿಷ್ಟು ಅಂಕಿ, ಅಷ್ಟೇ ಕೊಡ್ತಿದ್ರು, ಬಲಗೈ ಏನು ಮಾಡ್ಬೇಕು ಅನ್ನೋದನ್ನ ಅವರೇ ಆ ಕ್ಷಣಕ್ಕೆ ತುಂಬ್ಕೋಬೇಕಿತ್ತು.

ಒಂದು ಮಾತು ಮೊದಲೇ ಗಟ್ಟಿ ಮಾಡ್ಕೊಳ್ಳಿ. ಅಂಕಿ ಎಣಿಸೋದು ಕೆಳಗಿರೋ ಬೇಸ್ ಸ್ವರದಿಂದ, ಕಾರ್ಡಿನ ರೂಟ್‌ನಿಂದ, ಅಂದ್ರೆ ಆ ಮೂಲ ಸ್ವರದಿಂದ, ಅಲ್ಲ. ಬೇಸ್ ಸ್ವರವೇ ಒಂದು, ಅದರ ಮೇಲಿನದು ಎರಡು.

ಸಿ ಅನ್ನ ಸ ಅಂತ ಇಟ್ಕೊಂಡು ಶಂಕರಾಭರಣದ ಸ್ವರಗಳನ್ನ ತಗೊಳ್ಳೋಣ, ಎಲ್ಲಾ ಬಿಳಿ ಕೀಗಳೇ. ಡಾಮಿನೆಂಟ್ ಸೆವೆಂತ್ ಅಂದ್ರೆ ಪ ಮೇಲೆ ಕಟ್ಟಿದ ಸೆವೆಂತ್ ಕಾರ್ಡ್, ಪ ನಿ ರಿ ಮ. ಪ ಕೆಳಗಿದ್ರೆ ನಿ ಮೂರನೇದು, ರಿ ಐದನೇದು, ಮ ಏಳನೇದು, ಪೂರ್ತಿ ಬರೆದ್ರೆ 7-5-3, ರೂಢಿಯಲ್ಲಿ ಬರೀ 7. ನಿ ಕೆಳಗೆ ಬಂದ್ರೆ ರಿ ಮೂರು, ಮ ಐದು, ಪ ಆರು, ಅದು 6-5, ಫಸ್ಟ್ ಇನ್ವರ್ಷನ್, ಅಂದ್ರೆ ರೂಟ್ ಬದಲು ಅದರ ಮೂರನೇ ಸ್ವರ ಕೆಳಗೆ ಬಂದ ಜೋಡಣೆ. ರಿ ಕೆಳಗಿದ್ರೆ ಮ ಮೂರು, ಪ ನಾಲ್ಕು, ನಿ ಆರು, ಇದನ್ನ 4-3 ಅಂತ ಬರೀತಾರೆ. ಮ ಕೆಳಗಿದ್ರೆ ಪ ಎರಡು, ನಿ ನಾಲ್ಕು, ರಿ ಆರು, ಇದು 4-2, ಎಷ್ಟೋ ಕಡೆ ಬರೀ 2. ಬರೆಯದೇ ಬಿಟ್ಟ ಅಂಕಿಯ ಸ್ವರವನ್ನೂ ನುಡಿಸ್ಬೇಕು, ಗೊತ್ತಿರೋದೇ ಅಂತ ಬಿಟ್ಟಿರ್ತಾರೆ ಅಷ್ಟೇ.

ಇದನ್ನ ಮಗ್ಗಿ ಥರ ಬಾಯಿಪಾಠ ಮಾಡಿಸ್ತಾರೆ, ನನಗೆ ಅದು ಇಷ್ಟ ಇಲ್ಲ. ಯಾಕಂದ್ರೆ ಈ ಅಂಕಿಗಳು ಇನ್ನೂ ದೊಡ್ಡ ಗುಟ್ಟು ಹೇಳ್ತಿವೆ. ರೂಟ್‌ನಿಂದ ಎಣಿಸಿದ ಏಳನೇ ಸ್ವರ ಮತ್ತು ರೂಟ್, ಇಲ್ಲಿ ಮ ಮತ್ತು ಪ, ಪಕ್ಕಪಕ್ಕದವು. ಹಾಗಾಗಿ ಇನ್ವರ್ಷನ್ ಮಾಡಿದಾಗ ಅಂಕಿಗಳಲ್ಲೂ ಪಕ್ಕಪಕ್ಕ ಬರ್ತವೆ. 6-5ರಲ್ಲಿ 6 ರೂಟ್, 5 ಏಳನೇ ಸ್ವರ. 4-3ರಲ್ಲಿ 4 ರೂಟ್, 3 ಏಳನೇದು. 4-2ರಲ್ಲಿ 2 ರೂಟ್, ಏಳನೇ ಸ್ವರ ಬೇಸ್‌ನಲ್ಲೇ ಕೂತಿದೆ. ಆ ಏಳನೇ ಸ್ವರಕ್ಕೆ ಒಂದು ಸ್ವರ ಕೆಳಗೆ ಇಳಿಯೋ ತವಕ, ಮ ಇಳಿದು ಗ ಆಗ್ಬೇಕು, ನಿ ಏರಿ ಸ ಆಗ್ಬೇಕು. ಅದಕ್ಕೇ 4-2 ಆದ್ಮೇಲೆ ಬೇಸ್ ಗ ಮೇಲೆ ಬರುತ್ತೆ, ಅದರ ಕೆಳಗೆ 6 ಇರುತ್ತೆ, ಅಂದ್ರೆ ಸ ಗ ಪ ಕಾರ್ಡಿನ ಫಸ್ಟ್ ಇನ್ವರ್ಷನ್.

ಈಗ ಅದೇ ಮ ಬೇಸ್‌ನಲ್ಲಿಟ್ಟು 6-5 ಬರೆದ್ರೆ? ಧ, ಸ, ರಿ. ರೂಟ್ ಬೇಸ್‌ನಿಂದ ಆರನೇ ಸ್ವರ ರಿ, ಕಾರ್ಡ್ ರಿ ಮ ಧ ಸ, ಈ ಸಲ ಇಳಿಯೋದು ಸ, ನಿ ಕಡೆಗೆ, ಬೇಸ್ ಮಾತ್ರ ಆರಾಮಾಗಿ ಪಗೆ ಏರಬಹುದು. ಬೇಸ್ ಸ್ವರ ಅದೇ, ಅಂಕಿ ಬದಲಾದ್ರೆ ಕಾರ್ಡೂ ಬೇರೆ, ಮುಂದಿನ ದಾರಿಯೂ ಬೇರೆ. ನನಗಂತೂ ಇದು ಎಷ್ಟು ಸಲ ನುಡಿಸಿದ್ರೂ ಖುಷಿ ಕೊಡುತ್ತೆ.

ಇನ್ನೊಂದು, ಅಂಕಿಗಳು ಬಲಗೈಯ ಸ್ವರಗಳ ಕ್ರಮ ಹೇಳಲ್ಲ. 6-5 ಅಂದ್ರೆ 6 ಮೇಲೇ ಇರ್ಬೇಕು ಅಂತೇನಿಲ್ಲ, ಕೈಗೆ ಹತ್ತಿರ ಇರೋ ಹಾಗೆ ಜೋಡಿಸ್ಕೊಳ್ಳಿ. ಅಂಕಿಯೇ ಇಲ್ಲದೆ ಬರೀ ಶಾರ್ಪ್, ಅಂದ್ರೆ ಅರ್ಧ ಸ್ವರ ಏರಿಸೋ, ಗುರುತು ಕಂಡ್ರೆ ಅದು ಬೇಸ್‌ನಿಂದ ಮೂರನೇ ಸ್ವರಕ್ಕೆ: ಎ ಮೈನರ್‌ನಲ್ಲಿ ಇ ಬೇಸ್ ಇದ್ದಾಗ 7 ಬರೆದು ಕೆಳಗೆ ಶಾರ್ಪ್ ಹಾಕಿದ್ರೆ ಜಿ ಶಾರ್ಪ್ ನುಡಿಸ್ಬೇಕು.

ಈಗ ಬರ್ಕೊಳ್ಳಿ, ಬೇಸ್ ಸಾಲು: ಸ ನಿ ಸ ರಿ ಸ ಮ ಗ ಪ ಸ. ನಿ ಕೆಳಗೆ 6-5, ರಿ ಕೆಳಗೆ 4-3, ಮ ಕೆಳಗೆ 4-2, ಗ ಕೆಳಗೆ 6, ಪ ಕೆಳಗೆ 7, ಸ ಕೆಳಗೆ ಏನೂ ಬೇಡ, ಅಲ್ಲಿ ಸ ಗ ಪ ನುಡಿಸಿ. ನಿಧಾನಕ್ಕೆ ನುಡಿಸಿ, ಪ್ರತಿ ಸೆವೆಂತ್‌ನಲ್ಲೂ ಮ ಯಾವ ಬೆರಳಲ್ಲಿದೆ ನೋಡ್ಕೊಂಡು, ಅದನ್ನ ಗಗೆ ಇಳಿಸಿ. ನಮಸ್ಕಾರ.