80 ಕಿ.ಮೀ. ವೇಗದಲ್ಲಿ ಮಿಸ್ಸಿಂಗ್ ಹೊಡೆಯುವ ಹಳೆ ಫಿಯೆಟ್: ಸ್ಪಾರ್ಕೋ, ಪೆಟ್ರೋಲೋ?

[ದೃಶ್ಯ: ಓಡುತ್ತಿರುವ ಪದ್ಮಿನಿಯ ಒಳಗಿನಿಂದ ಕಾಣುವ ಹೆದ್ದಾರಿ. ಇಂಜಿನ್ ಸದ್ದು ಮಾತ್ರ.]

ಈ ಸದ್ದು ಸ್ವಲ್ಪ ಗಮನವಿಟ್ಟು ಕೇಳಿ.

ಕೇಳಿಸಿತಾ? ಸರಾಗವಾಗಿ ಹೋಗುತ್ತಿದ್ದ ಇಂಜಿನ್ ಒಂದು ಸಲ ಮುಗ್ಗರಿಸಿತು. ಆಮೇಲೆ ಇನ್ನೊಂದು ಸಲ. ಈಗ ಗಾಡಿ ಪೂರ್ತಿ ಜರ್ಕ್ ಹೊಡೆಯುತ್ತಿದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಹತ್ತು ಸೆಕೆಂಡ್ ಆಯಿತು, ಮತ್ತೆ ಎಲ್ಲ ಸರಿ.

ನಮಸ್ಕಾರ. ಇದು ಪುಣೆಯಿಂದ ಸಾತಾರಾ ಕಡೆಗೆ ಹೋಗುವ ರಸ್ತೆ, ಶಿರವಳದ ಹತ್ತಿರ. ಗಾಡಿ ನಮ್ಮ ಅಪ್ಪನ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ತಯಾರಾದದ್ದು, 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಇದೇ ಮಾಡೆಲ್ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮುಂಬೈಯಲ್ಲಿ 2023ರ ಅಕ್ಟೋಬರ್ ಕೊನೆಯವರೆಗೆ ಓಡಿತು. ಹೆಸರು ಪದ್ಮಿನಿ ಆದರೂ ನಮ್ಮ ಮನೆಯಲ್ಲಿ ಇವತ್ತಿಗೂ ಇದು ಫಿಯೆಟ್ಟೇ.

ವರ್ಷಕ್ಕೆ ಎರಡು ಸಲ ಇದರಲ್ಲೇ ಬೆಳಗಾವಿಗೆ ಹೋಗುತ್ತೇವೆ. ಕಳೆದ ಬೇಸಿಗೆಯಿಂದ ಈ ತೊಂದರೆ ಶುರುವಾಯಿತು. ಪುಣೆ ಊರೊಳಗೆ ಏನೂ ಇಲ್ಲ. ಸಿಗ್ನಲ್‌ನಲ್ಲಿ ಐಡ್ಲಿಂಗ್ ಚೆನ್ನಾಗಿದೆ. ಹೆದ್ದಾರಿಗೆ ಬಂದು 80 ಮುಟ್ಟಿದರೆ ಮಾತ್ರ ಮಿಸ್ಸಿಂಗ್. ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಿಸಿದರು, ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಬದಲಿಸಿದರು. ಇನ್ನೊಬ್ಬರು ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿದರು. ದುಡ್ಡು ಹೋಯಿತು, ಮಿಸ್ಸಿಂಗ್ ಉಳಿಯಿತು.

ಕೊನೆಗೆ ನಾನಾ ಪೇಟೆಗೆ ಹೋದೆ. ಪುಣೆಯಲ್ಲಿ ಹಳೆ ಗಾಡಿ ಇಟ್ಟುಕೊಂಡವರಿಗೆ ಆ ಬಿಡಿಭಾಗದ ಅಂಗಡಿಗಳ ಸಾಲು ಗೊತ್ತೇ ಇರುತ್ತದೆ. ಅಲ್ಲಿ ವಿಜಯಪುರ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ನಾನು ಬಾನೆಟ್ ಎತ್ತಲು ಹೋದೆ. ಅವರು ಕೈ ಹಿಡಿದು ನಿಲ್ಲಿಸಿದರು.

"ಬಾನೆಟ್ ಆಮ್ಯಾಲ ತೆಗಿಯೋಣು ತಮ್ಮಾ. ಮಿಸ್ಸಿಂಗ್ ಯಾವಾಗ ಹೊಡೀತದ, ಅದನ್ನ ಹೇಳು ಮೊದಲ."

"80ರಾಗ ಕಾಕಾ."

"80 ಮುಟ್ಟಿದ ಕೂಡಲೇ ಹೊಡೀತದೋ, ಸ್ವಲ್ಪ ಹೊತ್ತು ಬಿಟ್ಟು ಹೊಡೀತದೋ?"

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಓಡಿಸಿದ್ದೆ, ಆದರೆ ಗಮನಿಸಿರಲಿಲ್ಲ. ಈ ವಿಡಿಯೋ ಪೂರ್ತಿ ಆ ಒಂದು ಪ್ರಶ್ನೆಯ ಬಗ್ಗೆಯೇ ಇದೆ.

[ದೃಶ್ಯ: ಬಿಳಿ ಹಲಗೆ, ಮಾರ್ಕರ್ ಪೆನ್ನು]

ಮೊದಲು ಸ್ಪಾರ್ಕ್ ಲೆಕ್ಕ ನೋಡೋಣ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಸ್ಪಾರ್ಕ್ ಬೇಕು. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 750 ಸುತ್ತು ಎಂದುಕೊಳ್ಳಿ. ಸೆಕೆಂಡಿಗೆ 25 ಸ್ಪಾರ್ಕ್ ಆಯಿತು. 80ರಲ್ಲಿ ಹೋಗುವಾಗ ಈ ಇಂಜಿನ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. ಆಗ ಸೆಕೆಂಡಿಗೆ 100 ಸ್ಪಾರ್ಕ್. ಅಂದರೆ ಒಂದು ಸ್ಪಾರ್ಕಿಗೆ ಸಿಗುವುದು ಹತ್ತು ಮಿಲಿಸೆಕೆಂಡ್ ಮಾತ್ರ.

ಕಾಯಿಲ್‌ಗೆ ಕರೆಂಟ್ ಕೊಟ್ಟು ಕಡಿಯುವ ಪುಟ್ಟ ಸ್ವಿಚ್ಚಿಗೆ ಪಾಯಿಂಟ್ ಎನ್ನುತ್ತಾರೆ. ಆ ಹತ್ತರಲ್ಲೂ ಪಾಯಿಂಟ್ ಮುಚ್ಚಿರುವುದು ಸುಮಾರು ಆರೂವರೆ ಮಿಲಿಸೆಕೆಂಡ್. ಕಾಯಿಲ್ ಶಕ್ತಿ ತುಂಬಿಕೊಳ್ಳುವುದು ಪಾಯಿಂಟ್ ಮುಚ್ಚಿರುವಾಗ ಮಾತ್ರ. ತೆರೆದ ಕ್ಷಣದಲ್ಲಿ ಅದು ಪ್ಲಗ್‌ಗೆ ಹಾರುತ್ತದೆ. ಈಗ ಪಾಯಿಂಟ್ ಗ್ಯಾಪ್ ಜಾಸ್ತಿ ಇದ್ದರೆ ಏನಾಗುತ್ತದೆ? ಪಾಯಿಂಟ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಐಡ್ಲಿಂಗ್‌ನಲ್ಲಿ ಸಮಯ ಬೇಕಾದಷ್ಟಿದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ವೇಗ ಏರಿದಾಗ ಕಾಯಿಲ್ ಅರ್ಧಂಬರ್ಧ ತುಂಬಿರುತ್ತದೆ, ಸ್ಪಾರ್ಕ್ ಬಡವಾಗುತ್ತದೆ. ಪಾಯಿಂಟಿನ ಸ್ಪ್ರಿಂಗ್ ಸಡಿಲವಾಗಿದ್ದರೂ ಇದೇ ಕಥೆ. ಪಾಯಿಂಟನ್ನು ತೆರೆಯುವ ಕ್ಯಾಮ್ ವೇಗವಾಗಿ ತಿರುಗುವಾಗ ಪಾಯಿಂಟ್ ಸರಿಯಾಗಿ ಕೂರುವುದೇ ಇಲ್ಲ, ತೇಲಾಡುತ್ತದೆ. ಪಾಯಿಂಟ್ ಕೂತಿರುವುದು ಡಿಸ್ಟ್ರಿಬ್ಯೂಟರ್‌ನಲ್ಲಿ, ನಾಲ್ಕೂ ಪ್ಲಗ್‌ಗೆ ಸ್ಪಾರ್ಕ್ ಹಂಚುವುದು ಅದೇ. ಅದರ ಶಾಫ್ಟ್ ಹಿಡಿದಿಡುವ ಬುಷ್ ಸವೆದಿದ್ದರೆ ಗ್ಯಾಪ್ ಪ್ರತಿ ಸುತ್ತಿಗೂ ಬೇರೆ ಬೇರೆ ಆಗುತ್ತದೆ. ಕ್ಯಾಪ್ ಬಿಚ್ಚಿ ಶಾಫ್ಟನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿ. ಅಲ್ಲಾಟ ಕೈಗೆ ಗೊತ್ತಾದರೆ ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ಹಿಡಿದು ಗ್ಯಾಪ್ ಇಡುವುದು ವ್ಯರ್ಥ, ಮೊದಲು ಬುಷ್ ಬದಲಿಸಿ.

ಇವೆಲ್ಲಕ್ಕೂ ಒಂದು ಸಮಾನ ಗುಣ ಇದೆ. ಆ ಸುತ್ತು ಮುಟ್ಟಿದ ಕೂಡಲೇ ಮಿಸ್ಸಿಂಗ್ ಬರುತ್ತದೆ, ಕಾಯಿಸುವುದಿಲ್ಲ. ಗೇರ್ ಯಾವುದಾದರೂ ಬರುತ್ತದೆ, ಯಾಕೆಂದರೆ ಸ್ಪಾರ್ಕ್ ಎಣಿಕೆ ಸುತ್ತಿನ ಮೇಲೆ ನಿಂತಿದೆ. ಸದ್ದೂ ಬೇರೆ. ಯಾರೋ ಕೀ ಆಫ್ ಮಾಡಿ ಆನ್ ಮಾಡಿದ ಹಾಗೆ ಚಕ್ಕನೆ ಕಡಿಯುತ್ತದೆ. ಸುಡದ ಪೆಟ್ರೋಲ್ ಸೈಲೆನ್ಸರ್‌ನಲ್ಲಿ ಹೊತ್ತಿಕೊಂಡು ಢಬ್ ಎನ್ನುವುದೂ ಉಂಟು.

ಪೆಟ್ರೋಲ್ ಕೊರತೆ ಹಾಗಲ್ಲ. ಕಾರ್ಬ್ಯುರೇಟರ್ ಒಳಗೆ ಫ್ಲೋಟ್ ಬೌಲ್ ಇದೆ. ಅದರಲ್ಲಿ ಒಂದು ಕಟಿಂಗ್ ಚಹಾದಷ್ಟು ಪೆಟ್ರೋಲ್ ಸದಾ ಕಾದಿರುತ್ತದೆ. ಈ ಗಾಡಿ ಲೀಟರಿಗೆ 12 ಕಿಲೋಮೀಟರ್ ಕೊಡುತ್ತದೆ ಎಂದುಕೊಂಡರೆ, 80ರಲ್ಲಿ ನಿಮಿಷಕ್ಕೆ ಸುಮಾರು 110 ಮಿಲಿಲೀಟರ್ ಬೇಕು. ಹಿಂದಿನಿಂದ ಅಷ್ಟು ಬರದಿದ್ದರೆ ಇಂಜಿನ್ ಮೊದಲು ಬೌಲ್‌ನಲ್ಲಿದ್ದದ್ದನ್ನು ಕುಡಿಯುತ್ತದೆ. ಮಟ್ಟ ಇಳಿಯುತ್ತಾ ಹೋಗುತ್ತದೆ, ಆಮೇಲೆ ಮುಗ್ಗರಿಸುತ್ತದೆ. ಟ್ಯಾಂಕಿಯಲ್ಲಿ ನೀರು ಮುಗಿಯುವಾಗ ನಲ್ಲಿ ಬುಸುಬುಸು ಎನ್ನುತ್ತದಲ್ವಾ, ಹಾಗೆ. ಕಾಲು ತೆಗೆದರೆ ಬೌಲ್ ಮತ್ತೆ ತುಂಬುತ್ತದೆ, ಗಾಡಿ ಸರಿಹೋಗುತ್ತದೆ.

ಹಾಗಾದರೆ ಬೇಕಾದದ್ದು ಒಂದು ಸ್ಟಾಪ್‌ವಾಚ್.

[ದೃಶ್ಯ: ಪಕ್ಕದ ಸೀಟಿನಲ್ಲಿ ಮೊಬೈಲ್ ಹಿಡಿದ ಕೈ]

ಭಾನುವಾರ ಬೆಳಗ್ಗೆ ಆರಕ್ಕೆ ಹೊರಟೆವು, ರಸ್ತೆ ಖಾಲಿ ಇರುವ ಹೊತ್ತು. ಹೆಂಡತಿ ಸ್ಟಾಪ್‌ವಾಚ್ ಹಿಡಿದಳು. ಮೊದಲು ಮೂರನೇ ಗೇರ್. ಮೂರನೇ ಗೇರಿನಲ್ಲಿ 50 ದಾಟಿದರೆ ಇಂಜಿನ್ ಹೆಚ್ಚುಕಡಿಮೆ ಅಷ್ಟೇ ಸುತ್ತು ತಿರುಗುತ್ತದೆ, ಆದರೆ ಗಾಡಿ ನಿಧಾನ ಇರುವುದರಿಂದ ಪೆಟ್ರೋಲ್ ಕಡಿಮೆ ಸಾಕು. ಎರಡು ನಿಮಿಷ ಹಾಗೇ ಹೋದೆವು. ಒಂದೂ ಮಿಸ್ ಇಲ್ಲ. ಸೆಕೆಂಡಿಗೆ 100 ಸ್ಪಾರ್ಕ್ ಸರಿಯಾಗಿಯೇ ಬರುತ್ತಿದೆ ಎಂದಾಯಿತು.

ಆಮೇಲೆ ನಾಲ್ಕನೇ ಗೇರ್, 80. ಮೊದಲ ಸಲ 28 ಸೆಕೆಂಡಿಗೆ ಹೊಡೆಯಿತು. ಎರಡನೇ ಸಲ 31. ಮೂರನೇ ಸಲ 26.

ಮುಂದೆ ಖಂಬಾಟಕಿ ಘಾಟ್. ಅಲ್ಲಿ ವೇಗ 40 ಇದ್ದರೂ ಆಕ್ಸಿಲರೇಟರ್ ಪೂರ್ತಿ ಒತ್ತಿ ಏರುವಾಗ ಸ್ವಲ್ಪ ಹೊತ್ತಿಗೆ ಮಿಸ್ಸಿಂಗ್ ಬಂತು. ಅಲ್ಲಿಗೆ ನನಗೆ ಖಚಿತವಾಯಿತು. ಇದು ವೇಗದ ತೊಂದರೆಯೇ ಅಲ್ಲ, ಹಸಿವಿನ ತೊಂದರೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಏರಿನಲ್ಲಿ ಸಿಲಿಂಡರ್ ಒಳಗಿನ ಒತ್ತಡ ಜಾಸ್ತಿ, ಸ್ಪಾರ್ಕ್ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ಗ್ಯಾಪ್ ಅಗಲವಾಗಿದ್ದರೂ, ಪ್ಲಗ್ ವೈರ್ ಸೋರುತ್ತಿದ್ದರೂ ಏರಿನಲ್ಲಿ ಮಿಸ್ ಬರುತ್ತದೆ. ಆದರೆ ಅದು ಒತ್ತಿದ ಕೂಡಲೇ ಬರುತ್ತದೆ, ಅರ್ಧ ನಿಮಿಷ ಕಾಯುವುದಿಲ್ಲ. ಅನುಮಾನ ಇದ್ದರೆ ರಾತ್ರಿ ಕತ್ತಲಲ್ಲಿ ಇಂಜಿನ್ ಚಾಲೂ ಇಟ್ಟು ಬಾನೆಟ್ ತೆಗೆದು ನೋಡಿ. ಕರೆಂಟ್ ಸೋರುವ ಜಾಗದಲ್ಲಿ ನೀಲಿ ಕಿಡಿ ಕಾಣುತ್ತದೆ. ಕೈ ಮಾತ್ರ ಹಾಕಬೇಡಿ.

ಇನ್ನು ಪೆಟ್ರೋಲ್ ಎಲ್ಲಿ ತಡೆಯುತ್ತಿದೆ ಎಂದು ಹುಡುಕಬೇಕು. ಟ್ಯಾಂಕ್ ಹಿಂದೆ ಇದೆ, ಪಂಪ್ ಇಂಜಿನ್ ಮೇಲಿದೆ. ನಮ್ಮ ಮೆಕ್ಯಾನಿಕ್‌ಗಳು ಎಸಿ ಪಂಪ್ ಎನ್ನುವುದು ಇದಕ್ಕೇ. ಅದು ಅಷ್ಟು ದೂರದಿಂದ ಎಳೆಯಬೇಕು.

ಸುಲಭದ್ದು ಮೊದಲು. ಟ್ಯಾಂಕಿನ ಕ್ಯಾಪ್ ಸಡಿಲ ಮಾಡಿ ಸ್ವಲ್ಪ ದೂರ ಓಡಿಸಿದೆ. ಗಾಳಿಯ ತೂತು ಮುಚ್ಚಿದ್ದರೆ ಒಳಗೆ ನಿರ್ವಾತ ಕಟ್ಟಿ ಪೆಟ್ರೋಲ್ ಬರುವುದಿಲ್ಲ. ನನ್ನದರಲ್ಲಿ ವ್ಯತ್ಯಾಸ ಬರಲಿಲ್ಲ. ಫಿಲ್ಟರ್ ಹೊಸದೇ. ಪಂಪ್ ನೋಡಲು ಕಾರ್ಬ್ಯುರೇಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದೆ. ದಯವಿಟ್ಟು ಇದನ್ನು ತಣ್ಣಗಿನ ಇಂಜಿನ್ ಮೇಲೆ ಮಾತ್ರ ಮಾಡಿ. ಕಾಯಿಲ್‌ಗೆ ಕರೆಂಟ್ ಬರುವ ವೈರ್ ಬಿಚ್ಚಿಡಿ, ಎಲ್ಲೂ ಸ್ಪಾರ್ಕ್ ಆಗಬಾರದು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಲಿ. ಪೆಟ್ರೋಲ್ ಜೋರಾಗಿಯೇ ಬಂತು, ಪಂಪ್ ಪಾಸ್.

ಇಲ್ಲೇ ನಾನು ಒಂದು ವಾರ ಸಿಕ್ಕಿಹಾಕಿಕೊಂಡೆ. ಪಂಪ್ ಕೊಡುತ್ತಿದೆ, ಬೌಲ್ ಖಾಲಿಯಾಗುತ್ತಿದೆ, ಹೇಗೆ? ಕಾಕಾ ಹೇಳಿದ ಮೇಲೆ ತಲೆಗೆ ಹೋಯಿತು. ಸೆಲ್ಫ್ ಹೊಡೆಯುವಾಗ ಇಂಜಿನ್ ನಿಧಾನವಾಗಿ ತಿರುಗುತ್ತದೆ, ಪಂಪ್ ಮೆಲ್ಲಗೆ ಎಳೆಯುತ್ತದೆ. 3,000 ಸುತ್ತಿನಲ್ಲಿ ಅದೇ ಪಂಪ್ ಜೋರಾಗಿ ಎಳೆಯುತ್ತದೆ. ಜೋರಾಗಿ ಎಳೆದಾಗ ಮಾತ್ರ ಮುಚ್ಚಿಕೊಳ್ಳುವ ವಸ್ತು ಯಾವುದು?

ಮೆತ್ತಗಾದ ರಬ್ಬರ್ ಪೈಪ್.

[ದೃಶ್ಯ: ಉದ್ದಕ್ಕೆ ಸೀಳಿದ ಹಳೆ ಪೈಪ್, ಹತ್ತಿರದಿಂದ]

ಟ್ಯಾಂಕಿನ ಬುಡದಲ್ಲಿ ಗೇಣುದ್ದದ ರಬ್ಬರ್ ತುಂಡು ಇತ್ತು. ಹೊರಗಿನಿಂದ ಬಿರುಕಿಲ್ಲ, ಒಂದು ಹನಿ ಸೋರಿಕೆ ಇಲ್ಲ. ಬೆರಳಲ್ಲಿ ಒತ್ತಿದರೆ ಬೇಯಿಸಿದ ಪಡವಲಕಾಯಿ ಹಾಗೆ ಚಪ್ಪಟೆಯಾಗುತ್ತಿತ್ತು. ಬ್ಲೇಡಿನಲ್ಲಿ ಸೀಳಿದೆ. ನೋಡಿ, ಒಳಗೋಡೆ ಊದಿಕೊಂಡು ಬೆಂಕಿಕಡ್ಡಿ ಹೋಗುವಷ್ಟೇ ಜಾಗ ಉಳಿದಿದೆ. ಪಂಪ್ ಜೋರಾಗಿ ಎಳೆದರೆ ಅದೂ ಮುಚ್ಚಿಕೊಳ್ಳುತ್ತದೆ.

ಯಾಕೆ ಊದಿತು? ವಯಸ್ಸು ಒಂದು ಕಾರಣ. ಇನ್ನೊಂದು ಎಥನಾಲ್. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಈ ಗಾಡಿಗಳ ರಬ್ಬರನ್ನು ಅದಕ್ಕಾಗಿ ಮಾಡಿರಲಿಲ್ಲ. ಕೆಲವು ಹಳೆಯ ರಬ್ಬರ್ ಎಥನಾಲ್‌ನಲ್ಲಿ ಊದುತ್ತದೆ, ಮೆತ್ತಗಾಗುತ್ತದೆ. ಪಂಪಿನ ಒಳಗಿನ ರಬ್ಬರ್ ಪರದೆಗೂ, ಅಂದರೆ ಡಯಾಫ್ರಾಮ್‌ಗೂ ಇದೇ ಅಪಾಯ. ಜೊತೆಗೆ ಎಥನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ಸುಮ್ನೆ ನಿಂತ ಗಾಡಿಯ ಟ್ಯಾಂಕ್ ಒಳಗೆ ತುಕ್ಕು ಬೇಗ ಹಿಡಿಯುತ್ತದೆ. ಹೊಸ ಪೈಪ್ ಕೊಳ್ಳುವಾಗ ಅದರ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿದೆಯೇ ನೋಡಿ, ಅದು ಎಥನಾಲ್ ತಡೆಯುತ್ತದೆ. ಮೀಟರ್ ಲೆಕ್ಕದಲ್ಲಿ ಸಿಗುವ ಹೆಸರಿಲ್ಲದ ಕಪ್ಪು ಪೈಪ್ ಬೇಡವೇ ಬೇಡ.

ಟ್ಯಾಂಕಿನ ಹತ್ತಿರದ್ದು, ಪಂಪಿನ ಎರಡು ಕಡೆಯದ್ದು, ಮೂರೂ ಬದಲಿಸಿದೆ. ಹೊಸ ಕ್ಲಿಪ್ ಹಾಕಿದೆ. ಕಾರ್ಬ್ಯುರೇಟರ್ ಮುಟ್ಟಲಿಲ್ಲ, ಪಾಯಿಂಟ್ ಮುಟ್ಟಲಿಲ್ಲ. ಒಂದೇ ಸಲಕ್ಕೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ಮತ್ತೆ ಶಿರವಳದ ನೇರ ರಸ್ತೆ. ನಾಲ್ಕನೇ ಗೇರ್, 80.

[ದೃಶ್ಯ: ಸ್ಪೀಡೋಮೀಟರ್, ಪಕ್ಕದಲ್ಲಿ ಓಡುವ ಸ್ಟಾಪ್‌ವಾಚ್]

30 ಸೆಕೆಂಡ್. 45. ಒಂದು ನಿಮಿಷ. ಎರಡು. ನಾವಿಬ್ಬರೂ ಮಾತಾಡಲಿಲ್ಲ, ಬರೀ ಇಂಜಿನ್ ಕೇಳುತ್ತಿದ್ದೆವು. ಐದನೇ ನಿಮಿಷಕ್ಕೆ ಅವಳು ಸ್ಟಾಪ್‌ವಾಚ್ ನಿಲ್ಲಿಸಿ, "ಹಂಗs ಬೆಳಗಾವಿಗೇ ಹೋಗೂಣೇನ್ರಿ?" ಎಂದಳು.