ಮೊದಲು ಕೆಲಸ, ತರಬೇತಿ ಅಲ್ಲಿಯೇ

ಸ್ನೇಹಿತರೇ,

ಅಂಗವಿಕಲರಿಗೆ ಮೊದಲು ತರಬೇತಿ ಕೊಡೋಣ, ಸಿದ್ಧರಾದ ಮೇಲೆ ಕೆಲಸ ಹುಡುಕೋಣ ಎಂಬ ಮಾತು ನಿಮಗೆಲ್ಲ ಗೊತ್ತು. ಆ ಸಿದ್ಧತೆಯಲ್ಲೇ ಎಷ್ಟೋ ಜನರ ದುಡಿಯುವ ವಯಸ್ಸು ಕಳೆದುಹೋಗುತ್ತದೆ. ಬೆಂಬಲಿತ ಉದ್ಯೋಗ ಈ ಕ್ರಮವನ್ನೇ ತಿರುವುಮುರುವು ಮಾಡುತ್ತದೆ. ಮೊದಲು ಸಂಬಳದ ಕೆಲಸ. ಕಲಿಕೆ ಆ ಕೆಲಸದ ಜಾಗದಲ್ಲೇ, ಜಾಬ್ ಕೋಚ್, ಅಂದರೆ ಕೆಲಸ ಕಲಿಸುವ ಮಾರ್ಗದರ್ಶಕರು, ಜೊತೆಗಿದ್ದು. ಅಮೆರಿಕದಲ್ಲಿ ಬೆಳೆದ ಈ ವಿಧಾನ 1986ರಲ್ಲಿ ಅಲ್ಲಿನ ಪುನರ್ವಸತಿ ಕಾಯ್ದೆಯ ತಿದ್ದುಪಡಿಯೊಳಗೆ ಸೇರಿತು. ಇದರ ಹಿಂದಿನ ಕಾರಣ ಸರಳ: ಬೌದ್ಧಿಕ ಅಂಗವೈಕಲ್ಯವಿರುವ ಅನೇಕರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಕಷ್ಟ. ತರಬೇತಿ ಕೇಂದ್ರದ ಶಾಂತ ಮೇಜಿನ ಮೇಲೆ ಬಂದ ಪ್ಯಾಕಿಂಗ್, ಕಾರ್ಖಾನೆಯ ಗದ್ದಲದಲ್ಲಿ ಕೈಕೊಡುತ್ತದೆ.

ಕೆಲಸ ಕೇಳಲು ಮಾಲೀಕರ ಬಳಿ ಹೋದಾಗ ದಯವಿಟ್ಟು ಕರುಣೆ ಕೇಳಬೇಡಿ. ಅವರ ಜಾಗದಲ್ಲಿ ಒಂದೆರಡು ಗಂಟೆ ನಿಂತು ನೋಡಿ. ನುರಿತ ನೌಕರರು ತಮ್ಮ ಮುಖ್ಯ ಕೆಲಸ ಬಿಟ್ಟು ಯಾವುದಕ್ಕೆ ಎದ್ದು ಹೋಗುತ್ತಿದ್ದಾರೆ? ಕಪಾಟು ತುಂಬಲು, ಕಾಗದ ಸ್ಕ್ಯಾನ್ ಮಾಡಲು, ಲೇಬಲ್ ಅಂಟಿಸಲು. ಆ ಚೂರುಗಳನ್ನು ಒಟ್ಟುಗೂಡಿಸಿದರೆ ಒಂದು ನಿಜವಾದ ಹುದ್ದೆ ಹುಟ್ಟುತ್ತದೆ. ನಿಜವಾದ ಹುದ್ದೆಗೆ ಪೂರ್ತಿ ಸಂಬಳ ಕೇಳುವ ಹಕ್ಕೂ ಇರುತ್ತದೆ.

ಈಗ ಕಲಿಸುವ ಬಗೆ. ಪೆಟ್ಟಿಗೆಗೆ 12 ಬಾಟಲಿ ತುಂಬುವ ಕೆಲಸ ತೆಗೆದುಕೊಳ್ಳಿ. ಕೋಚ್ ಮೊದಲು ತಾನೇ ಅದನ್ನು ಮಾಡಿ ಹಂತಗಳನ್ನು ಬರೆದುಕೊಳ್ಳಬೇಕು: ಪೆಟ್ಟಿಗೆ ಬಿಡಿಸು, ತಳ ಮಡಚು, ಟೇಪ್ ಹಚ್ಚು, ತಿರುಗಿಸು, ಬಾಟಲಿ ಇಡು, ಮೇಲೆ ಮುಚ್ಚು. ವ್ಯಕ್ತಿಗೆ ಎಣಿಕೆ ಬಾರದಿದ್ದರೆ? ಎಣಿಕೆ ಕಲಿಸುತ್ತ ತಿಂಗಳು ಕಳೆಯಬೇಕಿಲ್ಲ. ಪೆಟ್ಟಿಗೆಯೊಳಗೆ 12 ಮನೆಗಳಿರುವ ರಟ್ಟಿನ ಚೌಕಟ್ಟು ಇಟ್ಟರೆ ಸಾಕು; ಖಾಲಿ ಮನೆ ಉಳಿಯದಿದ್ದರೆ ಲೆಕ್ಕ ಸರಿ.

ಒಂದು ಹಂತದಲ್ಲಿ ಅವರು ನಿಂತುಬಿಟ್ಟರೆ ಐದು ಸೆಕೆಂಡು ಸುಮ್ಮನಿರಿ. ಆಮೇಲೆ ಬೆರಳು ತೋರಿಸಿ. ಆಗದಿದ್ದರೆ ಒಮ್ಮೆ ಮಾಡಿ ತೋರಿಸಿ. ಕೈ ಹಿಡಿದು ಮಾಡಿಸುವುದು ಕೊನೆಯ ದಾರಿ, ಅದೂ ಅವರು ಒಪ್ಪಿದರೆ ಮಾತ್ರ. ಹೊಸ ಕೋಚ್‌ಗಳು ಬಹಳ ಎಡವುವುದು ಬಾಯಿಮಾತಿನಲ್ಲಿ: "ಈಗ ಟೇಪ್ ಹಚ್ಚಪ್ಪ, ಈಗ ತಿರುಗಿಸು." ಕೆಲಸ ಚೆನ್ನಾಗಿಯೇ ನಡೆಯುತ್ತದೆ, ಆದರೆ ಮುಂದಿನ ಹಂತದ ಸೂಚನೆ ಪೆಟ್ಟಿಗೆಯಿಂದ ಬರುವ ಬದಲು ಕೋಚ್‌ನ ದನಿಯಿಂದ ಬರುತ್ತಿರುತ್ತದೆ. ಕೋಚ್ ರಜೆ ಹಾಕಿದ ದಿನ ಕೆಲಸ ನಿಲ್ಲುತ್ತದೆ. ಪ್ರತಿ ಹಂತಕ್ಕೂ ಯಾವ ಮಟ್ಟದ ಸಹಾಯ ಬೇಕಾಯಿತೆಂದು ದಿನವೂ ಗುರುತು ಹಾಕಿ. ಹಿಂದೆ ಸರಿಯುವುದನ್ನು ಆ ಹಾಳೆ ನೋಡಿ ನಿರ್ಧರಿಸಿ, ಕ್ಯಾಲೆಂಡರ್ ನೋಡಿ ಅಲ್ಲ. ಸತತವಾಗಿ ಕೆಲವು ದಿನ ಸಹಾಯವಿಲ್ಲದೆ ನಡೆದರೆ ಮೊದಲು ನಾಲ್ಕು ಹೆಜ್ಜೆ ದೂರ ನಿಲ್ಲಿ, ನಂತರ ಕೋಣೆಯಾಚೆ, ನಂತರ ಅರ್ಧ ದಿನ, ಆಮೇಲೆ ವಾರಕ್ಕೊಮ್ಮೆ.

ಪಕ್ಕದಲ್ಲಿ ಕೆಲಸ ಮಾಡುವವರನ್ನು ಮೊದಲ ದಿನದಿಂದಲೇ ಒಳಗೊಳ್ಳಿಸಿ. ಮೇಲ್ವಿಚಾರಕರು ಏನಾದರೂ ಹೇಳಬೇಕೆಂದು ಕೋಚ್ ಕಡೆ ತಿರುಗಿದರೆ, ನೌಕರನಿಗೇ ನೇರವಾಗಿ ಹೇಳುವಂತೆ ವಿನಂತಿಸಿ. ಇಲ್ಲವಾದರೆ ಕೋಚ್ ಹೋದ ಮೇಲೆ ಅವರಿಬ್ಬರ ನಡುವೆ ಮಾತೇ ಇರುವುದಿಲ್ಲ.

ಕೆಲಸ ಕೈತಪ್ಪುವುದು ಎಷ್ಟೋ ಸಲ ಕೆಲಸ ಬಾರದೆ ಅಲ್ಲ. ಬಸ್ಸಿನ ಸಮಯ ಬದಲಾಯಿತು, ವಿರಾಮ ಮುಗಿದದ್ದು ತಿಳಿಯಲಿಲ್ಲ, ಹಳೆಯ ಮೇಲ್ವಿಚಾರಕರು ವರ್ಗವಾಗಿ ಹೊಸಬರಿಗೆ ಯಾರೂ ಏನೂ ಹೇಳಲಿಲ್ಲ. ಹೀಗಾಗಿ ಎಲ್ಲ ಸರಿಯಿದ್ದರೂ ತಿಂಗಳಿಗೊಮ್ಮೆಯಾದರೂ ಭೇಟಿ ಇರಲಿ. ಮೇಲ್ವಿಚಾರಕರು ಬದಲಾದ ವಾರವೇ ಒಮ್ಮೆ ಹೋಗಿ ಬನ್ನಿ.

ಮತ್ತೆ, ವ್ಯಕ್ತಿಗೆ ಆ ಕೆಲಸ ಬೇಸರವಾಗಿ ಬಿಡಬೇಕೆನಿಸಿದರೆ ಅದನ್ನು ಸೋಲೆಂದು ಬರೆಯಬೇಡಿ. ಎಲ್ಲರೂ ಕೆಲಸ ಬದಲಿಸುತ್ತಾರೆ. ಯಾವುದು ಹಿಡಿಸಲಿಲ್ಲ ಎಂದು ಅವರನ್ನೇ ಕೇಳಿ: ಸದ್ದೋ, ನಿಂತೇ ಇರುವುದೋ, ಒಂಟಿತನವೋ? ಆ ಉತ್ತರ ಹಿಡಿದುಕೊಂಡು ಮುಂದಿನ ಜಾಗ ಹುಡುಕಲು ಶುರುಮಾಡಿ.