ಊರಿಗೆ ರ‍್ಯಾಂಕು ಕೊಡುವ ಲೆಕ್ಕ

ಕೇಳುಗರಿಗೆ ನಮಸ್ಕಾರ.

2014ರ ಡಿಸೆಂಬರ್‌ನಲ್ಲಿ ‘ನ್ಯೂ ಸೆವೆನ್ ವಂಡರ್ಸ್’ ಸಂಸ್ಥೆ ಜನರ ಮತ ಪಡೆದು ಜಗತ್ತಿನ ಏಳು ಅದ್ಭುತ ನಗರಗಳನ್ನು ಘೋಷಿಸಿತು. ಕೊನೆಯ ಹದಿನಾಲ್ಕರಲ್ಲಿದ್ದ ಲಂಡನ್, ಶಿಕಾಗೊ ಸೋತವು. ಫಿಲಿಪ್ಪೀನ್ಸ್‌ನ ವಿಗಾನ್ ಗೆದ್ದಿತು. ಚೆಂದದ ಹಳೇ ಊರು, ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಆದರೆ ಹದಿನಾಲ್ಕೂ ಊರು ನೋಡಿ ಮತ ಹಾಕಿದವರು ಎಷ್ಟು ಮಂದಿ ಇದ್ದಾರು? ಇಲ್ಲಿ ಎಣಿಕೆಯಾಗುವುದು ಊರಿನ ಗುಣವಲ್ಲ, ಊರಿನವರ ಹುರುಪು.

ಮತ ಹೆಚ್ಚಾದರೆ ದೋಷ ಕರಗುತ್ತದೆಯೇ? ಇಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುನ್ನ ನಡೆಸಿದ ಸಮೀಕ್ಷೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅದನ್ನು ನಂಬಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಅಧ್ಯಕ್ಷರಾಗುತ್ತಾರೆ ಎಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಉತ್ತರ ಕೊಟ್ಟವರು ಇಡೀ ದೇಶದ ಮಾದರಿಯಾಗಿರಲಿಲ್ಲ. ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು ನಿಜ, ಆದರೆ ಮೊದಲು ಸೌಟು ತಳ ಮುಟ್ಟಬೇಕು.

ಇನ್ನು ನಮ್ಮ ಮನೆಯ ಲೆಕ್ಕ. ಕೇಂದ್ರ ಸರ್ಕಾರದ ‘ಸುಗಮ ಜೀವನ ಸೂಚ್ಯಂಕ’ದಲ್ಲಿ ಬೆಂಗಳೂರು 2018ರಲ್ಲಿ 58ನೆಯದು. 2020ರ ಪಟ್ಟಿಯಲ್ಲಿ, ಜನಸಂಖ್ಯೆ ಹತ್ತು ಲಕ್ಷ ಮೀರಿದ ನಗರಗಳ ಪೈಕಿ, ಮೊದಲನೆಯದು! ಎರಡು ವರ್ಷದಲ್ಲಿ ಟ್ರಾಫಿಕ್ ಕರಗಿತೇ? ಬದಲಾದದ್ದು ತಕ್ಕಡಿ. ಆರ್ಥಿಕತೆಗಿದ್ದ ತೂಕ ಶೇ. 5ರಿಂದ 15ಕ್ಕೆ ಏರಿತು; ಆ ವಿಭಾಗದಲ್ಲಿ ಬೆಂಗಳೂರೇ ಮುಂದು. ಹೊಸದಾಗಿ ಜನಾಭಿಪ್ರಾಯಕ್ಕೆ ಶೇ. 30 ಸಿಕ್ಕಿತು.

ಕಾಗದ, ಪೆನ್ನು ಹಿಡಿಯಿರಿ. 2020ರ ಪಟ್ಟಿಯಲ್ಲಿ ಬೆಂಗಳೂರಿಗೆ ನೂರಕ್ಕೆ 66.70 ಅಂಕ, ಎರಡನೆಯ ಪುಣೆಗೆ 66.27. ಅಂತರ 0.43. ಜನಾಭಿಪ್ರಾಯದಲ್ಲಿ ಪುಣೆಗೆ ನೂರಕ್ಕೆ ಒಂದೂವರೆ ಅಂಕ ಹೆಚ್ಚು ಬಂದಿದ್ದರೆ? ಒಂದೂವರೆಯ ಶೇ. 30 ಎಂದರೆ 0.45. ಸ್ಥಾನ ಅದಲುಬದಲು! ಪ್ರಶ್ನೆಯ ಒಂದು ಪದ ಬದಲಿಸಿದರೂ, ಕೇಳಿದ ದಿನ ನೀರು ಬಾರದಿದ್ದರೂ ಅಷ್ಟು ವ್ಯತ್ಯಾಸ ಬಂದೀತು. ಪತ್ರಿಕೆಯ ತಲೆಬರಹಕ್ಕೆ ಮಾತ್ರ ಒಂದು, ಎರಡು ಎಂಬ ಅಂಕಿಯೇ ಬೇಕು.

ಅದೇ ಸಮೀಕ್ಷೆಯ ಜನಾಭಿಪ್ರಾಯ ವಿಭಾಗದಲ್ಲಿ ಭುವನೇಶ್ವರ, ಸಿಲ್ವಾಸಾ ಆದ ಮೇಲೆ ಬಂದದ್ದು ದಾವಣಗೆರೆ. ಖುಷಿಯ ಸಂಗತಿಯೇ. ಆದರೆ ದಾವಣಗೆರೆಯವರು ಅಂಕ ಕೊಟ್ಟದ್ದು ದಾವಣಗೆರೆಗೆ, ಪುಣೆಯವರು ಕೊಟ್ಟದ್ದು ಪುಣೆಗೆ. ದಿನ ಬಿಟ್ಟು ದಿನ ನಲ್ಲಿ ಬಂದರೆ ಒಬ್ಬರಿಗೆ ಸಮಾಧಾನ, ಇನ್ನೊಬ್ಬರಿಗೆ ಅದೇ ದೂರು. ಎರಡೂ ಊರಲ್ಲಿ ಬಾಳಿದವರನ್ನು ಹುಡುಕಿ ಕೇಳಿದ್ದರೆ ಹೋಲಿಕೆಗೆ ಒಂದು ನೆಲೆ ಸಿಗುತ್ತಿತ್ತು.

ನಮಸ್ಕಾರ.